ಸ್ಕಾನ್ಸೆನ್ ವಿಮರ್ಶೆ: ಟಿಕೆಟ್ ಕೊಂಡರೆ 1850ರ ಸ್ವೀಡನ್ ಎಷ್ಟು ಸಿಗುತ್ತದೆ?

ಸ್ಟಾಕ್‌ಹೋಮ್‌ನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಕರಡಿ, ಎಲ್ಕ್ ನೋಡಿ, ಕೆಂಪು ಮನೆಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಅಷ್ಟಕ್ಕೆ ಈ ಜಾಗ ಧಾರಾಳವಾಗಿ ಸಾಕು. ಈ ವಿಮರ್ಶೆ ಬೇರೆ ಥರದ ಗಿರಾಕಿಗಳಿಗೆ: ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ, ಅಂದರೆ ಸುಮಾರು 1840ರಿಂದ 1870ರ ನಡುವೆ, ಸ್ವೀಡನ್ನಿನ ಜನ ಹೇಗೆ ಬದುಕುತ್ತಿದ್ದರು ಎಂದು ನೋಡುವ ಆಸೆಯಿಂದ ಬರುವವರಿಗೆ. ಅವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಎಲ್ಲಕ್ಕಿಂತ ಚೆಂದದ ಮನೆಗಳಲ್ಲಿ ಹಲವು ಆ ಕಾಲಕ್ಕೆ ಆಗಲೇ ಹಳತಾಗಿದ್ದವು. ಆ ಕಾಲದ್ದೇ ಆದ ಸಂಗತಿಗಳು ಜನ ಸರಸರ ದಾಟಿಹೋಗುವ ಸಣ್ಣ, ಸಪ್ಪೆ ಕಟ್ಟಡಗಳಲ್ಲಿವೆ.

ಹೀಗಾಗಲು ಕಾರಣವಿದೆ. ಸ್ಕಾನ್ಸೆನ್ ಕಟ್ಟಿದ ಆರ್ಟುರ್ ಹಾಸೇಲಿಯಸ್ ಹುಟ್ಟಿದ್ದು 1833ರಲ್ಲಿ, ಇದೇ ಸ್ಟಾಕ್‌ಹೋಮ್‌ನಲ್ಲಿ. 1872ರಲ್ಲಿ ಡಾಲಾರ್ನ ಪ್ರಾಂತ್ಯ ಸುತ್ತುವಾಗ ರೈತರ ಉಡುಪು, ಪೀಠೋಪಕರಣ, ಆಚರಣೆಗಳೆಲ್ಲ ಕಣ್ಣೆದುರೇ ಮಾಯವಾಗುತ್ತಿರುವುದನ್ನು ಕಂಡು ಸಂಗ್ರಹಕ್ಕೆ ಇಳಿದ. 1891ರಲ್ಲಿ ಯೂರ್‌ಗೋರ್ಡೆನ್ ದ್ವೀಪದ ಗುಡ್ಡದ ಮೇಲೆ ಸ್ಕಾನ್ಸೆನ್ ತೆರೆದ. ಹೋಗುತ್ತಿರುವುದನ್ನು ಉಳಿಸುವುದೇ ಅವನ ಹಟವಾಗಿತ್ತು. ಬರುತ್ತಿರುವುದರ ಮೇಲೆ ಅಂಥ ಮೋಹ ಇರಲಿಲ್ಲ. ಹಾಗಾಗಿ ರೈಲು, ಕಾರ್ಖಾನೆ, ಕಾನೂನು ಸುಧಾರಣೆ, ಅಂದರೆ ಅವನ ಸ್ವಂತ ಯೌವನದ ಸ್ವೀಡನ್ನೇ, ಇಲ್ಲಿ ಕಡಿಮೆ.

ತಲುಪುವುದು ಸುಲಭ. ನಗರದ ನಡುವಿನಿಂದ 7ನೇ ನಂಬರಿನ ಟ್ರಾಮ್ ಇದೆ. ಸ್ಲುಸ್ಸೆನ್ ಕಡೆಯಿಂದ ಬರುವವರಿಗೆ ದೋಣಿಯೇ ಹಿತ. ಟಿಕೆಟ್ ದರ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಬೇಸಿಗೆಯಲ್ಲಿ ಹೆಚ್ಚು. ಹಾಗೆಂದು ದುಡ್ಡು ಉಳಿಸಲು ಚಳಿಗಾಲದಲ್ಲಿ ಬರಬೇಡಿ. ಉದ್ಯಾನ ವರ್ಷವಿಡೀ ತೆರೆದಿದ್ದರೂ ಚಳಿಗಾಲದಲ್ಲಿ ಮನೆಗಳಲ್ಲಿ ಬಹುಪಾಲು ಬೀಗ ಹಾಕಿರುತ್ತವೆ, ಕಿಟಕಿಯಿಂದ ಇಣುಕಿ ವಾಪಸ್ಸಾಗಬೇಕಾಗುತ್ತದೆ. ಬೇಸಿಗೆಯಲ್ಲೂ ಎಲ್ಲ ಮನೆ ಎಲ್ಲ ಹೊತ್ತೂ ತೆರೆದಿರುವುದಿಲ್ಲ; ಅವತ್ತು ಯಾವುದು ತೆರೆದಿದೆ ಎಂದು ಬೆಳಿಗ್ಗೆಯೇ ನೋಡಿಕೊಂಡು ಹೊರಡಿ. ಗುಡ್ಡ ಹತ್ತಲಾಗದವರಿಗೆ 1897ರಿಂದ ಇರುವ ಹಳಿಬಂಡಿಯೂ ಮುಖ್ಯ ದ್ವಾರದ ಎಸ್ಕಲೇಟರೂ ಇವೆ. ಸುಮಾರು 150 ಕಟ್ಟಡಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಕೆಳಗೆ ಹೇಳಿದಷ್ಟಕ್ಕೇ ನಾಲ್ಕು ಗಂಟೆ ಹಿಡಿಯುತ್ತದೆ.

ಪ್ರತಿ ಮನೆಯ ಹತ್ತಿರವೂ ಫಲಕವಿದೆ. ಅದರಲ್ಲಿ ಎರಡು ಕಾಲಗಳನ್ನು ಬೇರೆಬೇರೆಯಾಗಿ ಓದಿಕೊಳ್ಳಬೇಕು: ಮನೆ ಕಟ್ಟಿದ್ದು ಯಾವಾಗ, ಒಳಾಂಗಣ ತೋರಿಸುವುದು ಯಾವ ಕಾಲವನ್ನು. ಎಡವುವುದು ಇಲ್ಲೇ. ನೇರ್ಕೆ ಪ್ರಾಂತ್ಯದಿಂದ ತಂದ ಸ್ಕೂಗಾಹೋಲ್ಮ್ ಜಮೀನುದಾರಿ ಬಂಗಲೆ 1680ರ ದಶಕದ್ದು, ಒಳಗಿನ ಅಲಂಕಾರ ಹದಿನೆಂಟನೇ ಶತಮಾನದ ಕೊನೆಯದು. ಸೆಗ್ಲೂರಾ ಚರ್ಚು 1730ರ ಸುಮಾರಿನದು. ಎರಡೂ ಸೊಗಸಾಗಿವೆ, ಆದರೆ ಹುಡುಕುತ್ತಿರುವ ಕಾಲಕ್ಕೆ ಎರಡೂ ಅಜ್ಜ ಮುತ್ತಜ್ಜಂದಿರ ಕಾಲದವು. ಮೂರಾ ಅಂಗಳ, ಹಲ್ಲಾಂಡ್ ಪ್ರಾಂತ್ಯದ ಓಕ್ಟೋರ್ಪ್ ಅಂಗಳ (ಅಂಗಳ ಎಂದರೆ ಇಲ್ಲಿ ಒಂದು ರೈತ ಕುಟುಂಬದ ಮನೆ, ಉಗ್ರಾಣಗಳ ಗುಂಪು) ಕೂಡ ಹಳೆಯ ವ್ಯವಸ್ಥೆಯವೇ. ಓಕ್ಟೋರ್ಪ್‌ಗೆ ಮಾತ್ರ ಐದು ನಿಮಿಷ ಕೊಡಿ. ನಾಲ್ಕೂ ಕಡೆ ಮುಚ್ಚಿದ ಅಂಗಳ, ಎರಡು ಎತ್ತರದ ಉಗ್ರಾಣಗಳ ನಡುವೆ ತಗ್ಗಿದ ವಾಸದ ಕೋಣೆ; 1850ರ ಹೊತ್ತಿಗೆ ಯಾವ ಬಗೆಯ ಬದುಕು ಒಡೆಯುತ್ತಿತ್ತು ಎನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಹೆಲ್ಸಿಂಗ್‌ಲಾಂಡ್‌ನ ಡೆಲ್ಸ್‌ಬೂ ಅಂಗಳಕ್ಕೆ. ಶತಮಾನದ ನಡುಭಾಗದ ಅನುಕೂಲಸ್ಥ ರೈತ ಕುಟುಂಬವನ್ನು ಇಷ್ಟು ಚೆನ್ನಾಗಿ ತೋರಿಸುವ ಜಾಗ ಸ್ಕಾನ್ಸೆನ್‌ನಲ್ಲಿ ಇನ್ನೊಂದಿಲ್ಲ. ದಪ್ಪ ಮರದ ದಿಮ್ಮಿಗಳ ಕಟ್ಟಡಗಳು, ಬಣ್ಣ ಬಳಿದ ಒಳಗೋಡೆಗಳು. ಹಬ್ಬಕ್ಕೂ ಮದುವೆಗೂ ಮಾತ್ರ ಬಳಸುವ ಕೋಣೆಗಳನ್ನು ಇಟ್ಟುಕೊಳ್ಳುವುದು ಈ ಪ್ರಾಂತ್ಯದ ರೈತರ ಗತ್ತು. ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಕೋಣೆಗೆ ಇಷ್ಟು ಖರ್ಚು ಮಾಡುವಷ್ಟು ದುಡ್ಡು ರೈತನಿಗೆ ಎಲ್ಲಿಂದ ಬಂತು? ಕಾಡು ಮತ್ತು ದನಕರುಗಳಿಂದ ಒಂದಿಷ್ಟು. ಜೊತೆಗೆ ಅಗಸೆ ನಾರು.

ಇಲ್ಲಿ ನಾರಿನ ಕೆಲಸದ ಪ್ರಾತ್ಯಕ್ಷಿಕೆ ಇರುವ ದಿನ ಸಿಕ್ಕರೆ ಬಿಡಬೇಡಿ. ಕೆಲಸದ ಕ್ರಮ ಗೊತ್ತಿದ್ದರೆ ಉಪಕರಣಗಳು ಮಾತಾಡುತ್ತವೆ, ಇಲ್ಲದಿದ್ದರೆ ಗೋಡೆಗೆ ನೇತುಹಾಕಿದ ಮರದ ತುಂಡುಗಳಷ್ಟೆ. ಅಗಸೆ ಗಿಡವನ್ನು ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಕೊಯ್ದರೆ ನಾರಿನ ಉದ್ದ ಹೋಗುತ್ತದೆ. ಒಣಗಿಸಿ, ಬೀಜದ ಬುಂಡೆಗಳನ್ನು ಕಬ್ಬಿಣದ ಬಾಚಣಿಗೆಯಲ್ಲಿ ಎಳೆದು ಉದುರಿಸಿ, ಆಮೇಲೆ ಕೊಳೆಹಾಕುತ್ತಾರೆ: ನೀರಿನಲ್ಲಿ ಮುಳುಗಿಸಿ ಇಲ್ಲವೇ ಹುಲ್ಲಿನ ಮೇಲೆ ಹರಡಿ ಇಬ್ಬನಿಗೆ ಬಿಟ್ಟು. ಗೆಲ್ಲುವುದೂ ಸೋಲುವುದೂ ಇದೊಂದೇ ಹಂತದಲ್ಲಿ. ಕೊಳೆತದ್ದು ಕಮ್ಮಿಯಾದರೆ ನಡುವಿನ ಮರದಂಥ ದಂಟು ನಾರನ್ನು ಬಿಡುವುದಿಲ್ಲ, ಎಷ್ಟು ಬಡಿದರೂ ಸಿಬಿರು ಉಳಿಯುತ್ತದೆ. ಹೆಚ್ಚಾದರೆ ನಾರೇ ಕೊಳೆತು, ನೂಲುವಾಗ ತುಂಡುತುಂಡಾಗುತ್ತದೆ. ಒಂದೆರಡು ಕಡ್ಡಿ ಒಣಗಿಸಿ ಬೆರಳಲ್ಲಿ ಮುರಿದು ನೋಡುವುದೇ ಪರೀಕ್ಷೆ. ದಂಟು ಚಟಕ್ಕನೆ ಮುರಿದು ನಾರು ಉದ್ದಕ್ಕೆ ಬಿಟ್ಟುಕೊಂಡರೆ ಹದ ಬಂದಿದೆ ಎಂದರ್ಥ.

ಮುಂದಿನದು ಬಿಸಿಯಲ್ಲಿ ಒಣಗಿಸುವುದು. ಬೆಂಕಿ ಹೊತ್ತಿಕೊಳ್ಳುವ ಭಯ ಇದ್ದದ್ದರಿಂದ ಇದಕ್ಕೆಂದೇ ಇದ್ದ ಗುಡಿಸಲು ಉಳಿದ ಕಟ್ಟಡಗಳಿಂದ ದೂರ ಇರುತ್ತಿತ್ತು. ನಂತರ ಮರದ ದವಡೆಯಂಥ ಸಲಕರಣೆಯಲ್ಲಿ ದಂಟು ಮುರಿಯುವುದು, ಚಪ್ಪಟೆ ಮರದ ಕತ್ತಿಯಲ್ಲಿ ಬಡಿದು ಸಿಬಿರು ಉದುರಿಸುವುದು, ಕಬ್ಬಿಣದ ಮೊಳೆಗಳ ಹಣಿಗೆಯಲ್ಲಿ ಬಾಚುವುದು. ಕೈಯಲ್ಲಿ ಉಳಿಯುವ ಉದ್ದ ನಾರಿನಿಂದ ಒಳ್ಳೆಯ ಬಟ್ಟೆ, ಹಣಿಗೆಯಲ್ಲಿ ಸಿಕ್ಕಿಕೊಳ್ಳುವ ಗಿಡ್ಡ ನಾರಿನಿಂದ ಚೀಲ, ಒರಟು ಹಾಸು. ಹೆಲ್ಸಿಂಗ್‌ಲಾಂಡ್‌ನಲ್ಲಿ ಬಡಿಯುವ ಕೆಲಸಕ್ಕೆ ಹೊಳೆಯ ನೀರಿನಿಂದ ತಿರುಗುವ ಯಂತ್ರಗಳೂ ಇದ್ದವು. ಈ ನಾರನ್ನು ಆಮದಾದ ಹತ್ತಿ ಹಿಂದಕ್ಕೆ ತಳ್ಳಿದ್ದು ಕೂಡ ಇದೇ ಶತಮಾನದಲ್ಲಿ.

ಒಳಗೆ ಹೋಗುವಾಗ ತಲೆ ಜೋಪಾನ. ಬಾಗಿಲು ತಗ್ಗು, ಹೊಸ್ತಿಲು ಎತ್ತರ. ಎರಡೂ ಚಳಿಗಾಳಿಯನ್ನು ತಡೆಯಲು. ಹೊರಗಿನ ಬಿಸಿಲಿನಿಂದ ಒಳಬಂದ ಕೂಡಲೇ ಏನೂ ಕಾಣುವುದಿಲ್ಲ, ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಸೀಮೆಎಣ್ಣೆ ದೀಪ ಹಳ್ಳಿಗಳಿಗೆ ಬರತೊಡಗಿದ್ದು 1860ರ ದಶಕದಲ್ಲಿ. ಅದಕ್ಕೆ ಮೊದಲು ಒಲೆಯ ಬೆಳಕು, ರಾಳ ತುಂಬಿದ ಪೈನ್ ಸೀಳು, ಹಬ್ಬಕ್ಕೆ ಕೊಬ್ಬಿನ ಮೇಣದಬತ್ತಿ, ಇಷ್ಟೇ. ಒಲೆಯನ್ನೂ ಗಮನಿಸಿ. ತೆರೆದ ಒಲೆ, ಮೂರು ಕಾಲಿನ ಪಾತ್ರೆ. ಎರಕದ ಕಬ್ಬಿಣದ ಅಡುಗೆ ಒಲೆ ಶತಮಾನದ ಎರಡನೇ ಅರ್ಧದಲ್ಲಿ ಹರಡಿದ ಮೇಲೆ ಈ ಪಾತ್ರೆಗಳ ಕಾಲೇ ಹೋದವು, ತಳ ಚಪ್ಪಟೆಯಾಯಿತು. ಹೀಗಾಗಿ ಯಾವುದೇ ಮನೆಯ ಅಡುಗೆಮನೆ ನೋಡಿದರೂ ಸಾಕು, ಅದು ಈ ಬದಲಾವಣೆಗೆ ಹಿಂದಿನದೋ ಮುಂದಿನದೋ ಎಂದು ಫಲಕ ಓದದೆಯೇ ಅಂದಾಜು ಮಾಡಬಹುದು. ಮಂಚಗಳು ಗಿಡ್ಡ. ಹಗಲು ಒಳಕ್ಕೆ ತಳ್ಳಿ ರಾತ್ರಿ ಹೊರಕ್ಕೆಳೆಯುವಂಥವೂ ಇದ್ದವು, ಒಂದೊಂದರಲ್ಲಿ ಇಬ್ಬರು ಮೂವರು.

ದಿಮ್ಮಿಗಳ ಮೂಲೆಜೋಡಣೆಯನ್ನೂ ಹತ್ತಿರದಿಂದ ನೋಡಿ. ಒಂದರ ಮೇಲೊಂದು ಕಚ್ಚಿ ಕೂರುವಂತೆ ಕೆತ್ತಿ, ನಡುವಿನ ಸಂದಿಗೆ ಪಾಚಿ ತುಂಬಿ ಕಟ್ಟಿದ ಮನೆ ಇದು. ದಿಮ್ಮಿಗಳಿಗೆ ಅನುಕ್ರಮವಾಗಿ ಗುರುತು ಹಾಕಿ ಬಿಚ್ಚಿ, ಬೇರೆಡೆ ಅದೇ ಕ್ರಮದಲ್ಲಿ ಮತ್ತೆ ಕಟ್ಟಬಹುದು. ಇಡೀ ಸ್ಕಾನ್ಸೆನ್ ಸಾಧ್ಯವಾದದ್ದು ಇದರಿಂದ. ಆದರೆ ಈ ವಿದ್ಯೆ ಹಾಸೇಲಿಯಸ್‌ಗಿಂತ ಮೊದಲೇ ರೈತರಿಗೆ ಚೆನ್ನಾಗಿ ಗೊತ್ತಿತ್ತು. 1827ರ ಭೂ ಮರುಹಂಚಿಕೆ ಕಾನೂನು ಬಂದ ಮೇಲೆ, ಪಟ್ಟಿಪಟ್ಟಿಯಾಗಿ ಹರಡಿದ್ದ ಹೊಲಗಳನ್ನು ಒಟ್ಟುಗೂಡಿಸಿ ಒಬ್ಬೊಬ್ಬರಿಗೆ ಒಂದೇ ಕಡೆ ಕೊಟ್ಟರು. ಹೊಲ ದೂರ ಬಿದ್ದವನು ತನ್ನ ಮನೆಯನ್ನೇ ಬಿಚ್ಚಿ ಹೊಸ ಹೊಲಕ್ಕೆ ಸಾಗಿಸಬೇಕಾಯಿತು. ಒಟ್ಟಿಗೆ ಅಂಟಿಕೊಂಡಿದ್ದ ಹಳ್ಳಿಗಳು ಚದುರಿದ್ದು ಹೀಗೆ. ಶತಮಾನದ ನಡುಭಾಗದ ಹಳ್ಳಿಗಾಡಿನಲ್ಲಿ ನಡೆದ ದೊಡ್ಡ ಸಂಗತಿ ಯಾವುದೆಂದರೆ ಇದೇ. ಸ್ಕಾನ್ಸೆನ್‌ನಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ಮಾಡಿಲ್ಲ. ಇಲ್ಲಿ ಪ್ರತಿ ಅಂಗಳವೂ ಮರಗಳ ನಡುವೆ ಒಂಟಿಯಾಗಿ ನಿಂತಿದೆ. ಮರುಹಂಚಿಕೆಗೆ ಮೊದಲಿನ ಮನೆಯೂ ನಂತರದ್ದರಂತೆ ಕಾಣುತ್ತದೆ.

ಕೆಂಪು ಬಣ್ಣದ ವಿಷಯವೂ ಅಷ್ಟೆ. ಫಾಲುನ್ ತಾಮ್ರದ ಗಣಿಯ ಉಳಿಕೆ ಮಣ್ಣನ್ನು ನೀರು, ರೈ ಹಿಟ್ಟು, ಕಬ್ಬಿಣದ ವಿಟ್ರಿಯಾಲ್ (ಕಬ್ಬಿಣದ ಸಲ್ಫೇಟ್) ಜೊತೆ ಕುದಿಸಿ ಮಾಡುವ ಈ ಬಣ್ಣ ಬಹುಕಾಲ ಅನುಕೂಲಸ್ಥರ ಸೊತ್ತಾಗಿತ್ತು. ರೈತರ ಮನೆಗಳಿಗೆ ವ್ಯಾಪಕವಾಗಿ ಹರಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದಕ್ಕೆ ಮೊದಲು ಹಳ್ಳಿ ಎಂದರೆ ಬಣ್ಣವಿಲ್ಲದ, ಬಿಸಿಲುಮಳೆಗೆ ಬೂದುಬಣ್ಣಕ್ಕೆ ತಿರುಗಿದ ಮರ. ಇಲ್ಲಿನ ಬೂದು ಕಟ್ಟಡಗಳ ಮುಂದೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ ಎನ್ನುವುದು ಬೇರೆ ಮಾತು.

ಈಗ ಸ್ಟಾಟಾರೆಗಳ ಸಾಲುಮನೆಗೆ. ಉದ್ದನೆಯ ಒಂದೇ ಕಟ್ಟಡ, ಒಳಗೆ ಹಲವು ಕುಟುಂಬ, ಒಂದೊಂದು ಕುಟುಂಬಕ್ಕೆ ಒಂದು ಕೋಣೆ ಒಂದು ಅಡುಗೆಮನೆ. ದೊಡ್ಡ ಜಮೀನುಗಳಲ್ಲಿ ದುಡಿಯುವ ಮದುವೆಯಾದ ಕೂಲಿಕಾರರು ಇವರು. ವರ್ಷದ ಕರಾರು, ಕೂಲಿಯ ಬಹುಭಾಗ ಧಾನ್ಯ, ಹಾಲು, ಆಲೂಗಡ್ಡೆ, ಸೌದೆಯ ರೂಪದಲ್ಲಿ. ಗಂಡ ಸೇರಿದರೆ ಹೆಂಡತಿಯೂ ಜಮೀನುದಾರನ ಹಸು ಕರೆಯಬೇಕು. ಬೆಳಗಿನ ಜಾವದಿಂದ ಸಂಜೆಯವರೆಗೆ ಬಿಡದ ಆ ಕೆಲಸಕ್ಕೆ ಜನ ಇಟ್ಟ ಹೆಸರು ‘ಬಿಳಿ ಚಾವಟಿ’. ಕರಾರು ಮುಗಿಯುವುದು ಅಕ್ಟೋಬರ್ ಕೊನೆಗೆ. ಆ ಒಂದು ವಾರದಲ್ಲಿ ಸಂಸಾರಗಳು ಗಾಡಿಗೆ ಸಾಮಾನು ಹೇರಿ ಇನ್ನೊಂದು ಜಮೀನಿಗೆ ಹೊರಡುತ್ತಿದ್ದವು, ಸಿಗುತ್ತಿದ್ದದ್ದು ಮತ್ತೆ ಇಂಥದೇ ಕೋಣೆ. ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಜಮೀನುಗಳ ವ್ಯವಸಾಯ ಬೆಳೆದಂತೆ ಇವರ ಸಂಖ್ಯೆಯೂ ಬೆಳೆಯಿತು. ವ್ಯವಸ್ಥೆ ಕೊನೆಯಾದದ್ದು 1945ರಲ್ಲಿ.

ಕೋಣೆಯಲ್ಲಿ ನೋಡುವುದಕ್ಕೆ ಹೆಚ್ಚೇನಿಲ್ಲ, ಅದೇ ವಿಷಯ. ಇಲ್ಲಿ ವೇಷ ತೊಟ್ಟು ನಿಂತಿರುವ ಸಿಬ್ಬಂದಿಯನ್ನು ಮಾತಿಗೆಳೆಯಿರಿ. ಅವರು ತಾವಾಗಿಯೇ ಭಾಷಣ ಮಾಡುವವರಲ್ಲ, ಕೇಳಿದರೆ ಬಿಚ್ಚಿಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆ: ಕೆಲಸ ಬಿಟ್ಟರೆ ಏನಾಗುತ್ತಿತ್ತು? ಆ ಕಾಲದಲ್ಲಿ ಆಸ್ತಿಯೂ ಇಲ್ಲದೆ, ಯಜಮಾನನೂ ಇಲ್ಲದೆ ಇರುವುದೇ ತಪ್ಪಾಗಿತ್ತು. ಅಂಥವರನ್ನು ಹಿಡಿದು ದುಡಿತಕ್ಕೆ ಹಚ್ಚಬಹುದಿತ್ತು. ಪ್ರಾಯಕ್ಕೆ ಬಂದ ಆಳನ್ನು ಹೊಡೆಯುವ ಹಕ್ಕನ್ನು ಯಜಮಾನರಿಂದ ಕಿತ್ತುಕೊಂಡದ್ದು 1858ರಲ್ಲಿ. ಒಳನಾಡು ಓಡಾಟಕ್ಕೆ ಬೇಕಿದ್ದ ಪಾಸ್‌ಪೋರ್ಟ್ ರದ್ದಾದದ್ದು 1860ರಲ್ಲಿ. ಡೆಲ್ಸ್‌ಬೂ ಅಂಗಳದ ಬಣ್ಣದ ಗೋಡೆಗಳಿಂದ ನೇರ ಇಲ್ಲಿಗೆ ಬಂದರೆ ಈ ಕಾನೂನುಗಳ ತೂಕ ಗೊತ್ತಾಗುತ್ತದೆ, ಹಾಗಾಗಿ ಈ ಎರಡರ ನಡುವೆ ಪ್ರಾಣಿಗಳ ಕಡೆ ತಿರುಗಬೇಡಿ.

ಸೈನಿಕನ ಗುಡಿಸಲು ಸಣ್ಣದು, ಹತ್ತು ನಿಮಿಷ ಸಾಕು. ಕೆಲವು ರೈತ ಮನೆಗಳು ಸೇರಿ ಒಬ್ಬ ಸೈನಿಕನಿಗೆ ಮನೆ, ತುಂಡು ಹೊಲ ಕೊಟ್ಟು ಸಾಕಬೇಕಾಗಿದ್ದ ಪದ್ಧತಿಯದು. ಸೇರಿದವನಿಗೆ ರೆಜಿಮೆಂಟಿನಲ್ಲಿ ಹೊಸ ಅಡ್ಡಹೆಸರು: ಧೈರ್ಯಶಾಲಿ ಎನ್ನಲು ಮೂಡಿಗ್, ಚುರುಕು ಎನ್ನಲು ರಾಸ್ಕ್. ಸ್ವೀಡನ್ ಕೊನೆಯ ಯುದ್ಧ ಮುಗಿಸಿದ್ದು 1814ರಲ್ಲಿ, ಆದ್ದರಿಂದ 1850ರ ಸೈನಿಕ ಮುಕ್ಕಾಲುಪಾಲು ಸಣ್ಣ ರೈತನೇ. ಸೇವೆ ಮುಗಿದರೆ ಅಥವಾ ಸತ್ತರೆ ಸಂಸಾರ ಮನೆ ಖಾಲಿ ಮಾಡಬೇಕು.

ವೆಸ್ಟರ್‌ಯೋಟ್‌ಲಾಂಡ್‌ನಿಂದ ತಂದ ವೇಲಾ ಶಾಲೆಯ ಒಳಾಂಗಣ ನಾವು ಹುಡುಕುತ್ತಿರುವ ಕಾಲಕ್ಕಿಂತ ಈಚಿನದು, ಆದರೂ ಹೋಗಿ. 1842ರ ಕಾನೂನು ಪ್ರತಿ ಪ್ಯಾರಿಷ್‌ನಲ್ಲೂ (ಒಂದು ಚರ್ಚಿಗೆ ಸೇರಿದ ಊರುಗಳ ವಲಯ) ತರಬೇತಾದ ಶಿಕ್ಷಕನಿರುವ ಒಂದಾದರೂ ಶಾಲೆ ಐದು ವರ್ಷದೊಳಗೆ ಆಗಬೇಕು ಎಂದಿತು. ಕಟ್ಟಡ ಕಟ್ಟುವ ಖರ್ಚು ಹಳ್ಳಿಯವರದ್ದೇ ಆದ್ದರಿಂದ ಎಷ್ಟೋ ಕಡೆ ಶಿಕ್ಷಕನೇ ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತಿದ್ದ. ಸಾಲುಡೆಸ್ಕು, ಕರಿಹಲಗೆಯ ಈ ಕೋಣೆಯನ್ನು ನೋಡಿ 1840ರ ದಶಕದ ಪಾಠ ಊಹಿಸಿದರೆ ತಪ್ಪಾದೀತು. ಆಗ ಚಾಲ್ತಿಯಲ್ಲಿದ್ದದ್ದು ಕಲಿಕೆಯಲ್ಲಿ ಮುಂದಿರುವ ಮಕ್ಕಳು ಹಿಂದಿರುವವರಿಗೆ ಗುಂಪುಗುಂಪಾಗಿ ಹೇಳಿಕೊಡುವ ಪದ್ಧತಿ. ಅಕ್ಷರ ತಿದ್ದಲು ಮರಳಿನ ಪೆಟ್ಟಿಗೆ. ಹಾಗೆಂದು ಶಾಲೆ ಬರುವ ಮೊದಲು ಹಳ್ಳಿಗೆ ಓದೇ ಬರುತ್ತಿರಲಿಲ್ಲ ಎಂದಲ್ಲ. ಪಾದ್ರಿ ಪ್ರತಿ ವರ್ಷ ಬಂದು ಮನೆಮಂದಿಯನ್ನೆಲ್ಲ ಕೂರಿಸಿ ಲೂಥರನ ಧರ್ಮಪ್ರಶ್ನೋತ್ತರ ಓದಿಸಿ, ಯಾರು ಎಷ್ಟು ಓದುತ್ತಾರೆ ಎಂದು ದಫ್ತರದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಓದು ಬಹುತೇಕರಿಗೆ ಬರುತ್ತಿತ್ತು, ಬರವಣಿಗೆ ಬರುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ ಜನಕ್ಕೆ. ಶಾಲೆ ತಂದ ದೊಡ್ಡ ಬದಲಾವಣೆ ಬರವಣಿಗೆ ಮತ್ತು ಲೆಕ್ಕ.

ಕೊನೆಗೆ ನಗರದ ಬೀದಿಗಳು. ಕಲ್ಲು ಹಾಸಿದ ಇಳಿಜಾರು, ಸ್ಟಾಕ್‌ಹೋಮ್‌ನ ಸೋಡರ್‌ಮಾಲ್ಮ್ ಮುಂತಾದ ಕಡೆಯ ಮರದ ಮನೆಗಳು, ಕಸುಬುದಾರರ ಅಂಗಡಿಗಳು. ಗಾಜು ಊದುವುದು, ಬೇಕರಿ, ಕುಂಬಾರಿಕೆ ಕೆಲಸ ಮಾಡುವ ಜಾಗಗಳೇ ಹೊರತು ಬರೀ ಪ್ರದರ್ಶನವಲ್ಲ. ಗಾಜಿನ ಮನೆಯಲ್ಲಿ ಜನ ಜಾಸ್ತಿ, ಬಿಸಿಯೂ ಜಾಸ್ತಿ. ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಹತ್ತಿರ ನಿಲ್ಲಬಹುದು. ಬೇಕರಿಯ ಬನ್ನು ಕೊಳ್ಳಿ, ಊಟಕ್ಕೆಂದು ಉದ್ಯಾನದೊಳಗೆ ಸಾಲುಗಟ್ಟಿ ನಿಲ್ಲುವುದಕ್ಕಿಂತ ಅದು ವಾಸಿ.

ಇಲ್ಲಿ ತಲೆಯಲ್ಲಿಟ್ಟುಕೊಳ್ಳಬೇಕಾದ ಇಸವಿ 1846. ಅಲ್ಲಿಯವರೆಗೆ ಕಸುಬು ಎಂದರೆ ಗಿಲ್ಡ್, ಅಂದರೆ ಆಯಾ ಕಸುಬಿನವರ ಸಂಘ: ಶಿಷ್ಯ, ಕೆಲಸಗಾರ, ಆಮೇಲೆ ಗುರು, ಎಷ್ಟು ಜನ ಗುರುಗಳಾಗಬಹುದು ಎನ್ನುವುದೂ ಆ ಸಂಘದ ಕೈಯಲ್ಲೇ. ಆ ವರ್ಷದ ಕಾನೂನು ಗಿಲ್ಡುಗಳನ್ನು ಎತ್ತಿಹಾಕಿತು. ಅದೇ ಏಟಿಗೆ ಹಳ್ಳಿಗಳಲ್ಲೂ ಅಂಗಡಿ ತೆರೆಯಲು ಅವಕಾಶ ಸಿಕ್ಕಿತು, ಆದರೆ ಪಟ್ಟಣದಿಂದ ಕನಿಷ್ಠ ಮೂರು ಸ್ವೀಡಿಷ್ ಮೈಲು, ಅಂದರೆ 30 ಕಿಲೋಮೀಟರಿಗೂ ಹೆಚ್ಚು, ದೂರ ಇರಬೇಕು. ಪಟ್ಟಣದ ವರ್ತಕರ ಹೊಟ್ಟೆಯ ಮೇಲೆ ಹೊಡೆಯಬಾರದಲ್ಲ. ಆ ನಿರ್ಬಂಧವೂ ಹೋಗಿ ವ್ಯಾಪಾರ, ಕಸುಬು ಎಲ್ಲರಿಗೂ ಮುಕ್ತವಾದದ್ದು 1864ರಲ್ಲಿ. ಈ ಬೀದಿಯ ಸಣ್ಣಸಣ್ಣ ಕಾರ್ಯಾಗಾರಗಳನ್ನು ಇದರ ಬೆಳಕಿನಲ್ಲಿ ನೋಡಬೇಕು: ಕಾವಲು ಗೋಡೆ ಬಿದ್ದಿದೆ, ಕಾರ್ಖಾನೆ ಇನ್ನೂ ಪೂರ್ತಿ ಬಂದಿಲ್ಲ.

ದಿನಸಿ ಮತ್ತು ಮಸಾಲೆ ಅಂಗಡಿಯಲ್ಲಿ ಕಣ್ಣು ಕೌಂಟರಿನ ಹಿಂದೆ ಓಡಲಿ. ಆಗ ಸಕ್ಕರೆ ಬರುತ್ತಿದ್ದದ್ದು ಶಂಕುವಿನಾಕಾರದ ಗಟ್ಟಿ ಅಚ್ಚಿನಲ್ಲಿ, ಇಕ್ಕಳದಲ್ಲಿ ಕತ್ತರಿಸಿಕೊಳ್ಳಬೇಕು. ಕಾಫಿ ಹಸಿರು ಬೀಜವಾಗಿಯೇ ಮಾರಾಟ, ಹುರಿಯುವುದೂ ಪುಡಿಮಾಡುವುದೂ ಮನೆಯಲ್ಲಿ. ಕಾಫಿಯ ಮೇಲಿನ ಕೊನೆಯ ಸರ್ಕಾರಿ ನಿಷೇಧ 1820ರ ದಶಕದ ಆರಂಭದಲ್ಲೇ ಮುಗಿದಿತ್ತು. ಶತಮಾನದ ನಡುಭಾಗದ ಹೊತ್ತಿಗೆ ಬಡವರ ಮನೆಗೂ ಅದು ನುಗ್ಗತೊಡಗಿತ್ತು. ದರಪಟ್ಟಿ, ಹಳೆಯ ಲೆಕ್ಕದ ಪುಸ್ತಕ ಕಂಡರೆ ಹಣದ ವಿಷಯದಲ್ಲಿ ಎಚ್ಚರ: ಒಂದು ರಿಕ್ಸ್‌ಡಾಲರ್‌ಗೆ 48 ಶಿಲ್ಲಿಂಗ್ ಎನ್ನುವ ಲೆಕ್ಕ ನಡೆದದ್ದು 1855ರವರೆಗೆ, ಆಮೇಲೆ ರಿಕ್ಸ್‌ಡಾಲರ್‌ಗೆ 100 ಓರೆ, 1873ರಿಂದ ಕ್ರೋನಾ. ಶಿಲ್ಲಿಂಗ್ ಕಂಡರೆ ಅದು ಸುಧಾರಣೆಗೆ ಹಿಂದಿನದು.

ಬೀದಿ ಮಾತ್ರ ವಿಪರೀತ ಚೊಕ್ಕಟ. ಸುಮಾರು 93,000 ಜನರಿದ್ದ 1850ರ ಸ್ಟಾಕ್‌ಹೋಮ್‌ನಲ್ಲಿ ಕೊಳವೆ ನೀರು ಇರಲಿಲ್ಲ, ಬಂದದ್ದು 1861ರಲ್ಲಿ. ಗ್ಯಾಸ್ ದೀಪ ಬಂದದ್ದು 1853ರಲ್ಲಿ, ಕಾಲರಾ ಮತ್ತೆ ನುಗ್ಗಿದ್ದೂ ಅದೇ ವರ್ಷ. ವಾಸನೆಯನ್ನು ಯಾವ ವಸ್ತುಸಂಗ್ರಹಾಲಯವೂ ಮಾರುವುದಿಲ್ಲ, ಸರಿ. ಆದರೆ ಒಂದು ಬಾವಿಯ ಮುಂದಾದರೂ ಈ ಮಾತು ಎದ್ದುಕಾಣಬೇಕಿತ್ತು.

ಹೆಂಗಸರ ಕಾನೂನುಬದ್ಧ ಸ್ಥಿತಿ ಆ ಕಾಲದ ದೊಡ್ಡ ಜಗಳ. 1845ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಆಸ್ತಿ, 1858ರಲ್ಲಿ ಮದುವೆಯಾಗದ ಹೆಂಗಸು 25 ತುಂಬಿದ ಮೇಲೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಸ್ವತಂತ್ರಳಾಗಬಹುದು, 1863ರಲ್ಲಿ ಅರ್ಜಿಯೂ ಬೇಡ; ಮದುವೆಯಾದರೆ ಮತ್ತೆ ಗಂಡನ ಅಧೀನ. ಇಲ್ಲಿನ ಮನೆಗಳು ಹೆಂಗಸರ ಕೆಲಸವನ್ನು ಚೆನ್ನಾಗಿ ತೋರಿಸುತ್ತವೆ, ಹಕ್ಕಿನ ವಿಷಯಕ್ಕೆ ಬಂದರೆ ಮೂಕ. ಬಡವರ ಪಾಡೂ ಅಷ್ಟೆ. ಗತಿಯಿಲ್ಲದ ಮುದುಕರನ್ನು ಮನೆಯಿಂದ ಮನೆಗೆ ಸರದಿಯ ಮೇಲೆ ಕಳಿಸುವುದು, ಯಾರು ಕಡಿಮೆ ಹಣಕ್ಕೆ ನೋಡಿಕೊಳ್ಳುತ್ತಾರೋ ಅವರಿಗೆ ಹರಾಜಿನಲ್ಲಿ ಒಪ್ಪಿಸುವುದು, ಇವೆಲ್ಲ 1850ರಲ್ಲಿ ಮಾಮೂಲು. ಮನೆಗಳ ಒಳಗೆ ನೋಡುತ್ತ ಹೋದರೆ ಇದರ ಸುಳಿವು ಸಿಗುವುದು ಕಷ್ಟ, ಸಿಬ್ಬಂದಿಯನ್ನು ಕೇಳಿಯೇ ತಿಳಿಯಬೇಕು.

ಬ್ರೆನ್‌ವಿನ್ ಎಂಬ ಹೆಂಡದ ಕತೆಯೂ ಇಲ್ಲಿ ತೆಳು. ರೈತರು ಧಾನ್ಯ, ಆಮೇಲಾಮೇಲೆ ಆಲೂಗಡ್ಡೆಯಿಂದ ಮನೆಯಲ್ಲೇ ಭಟ್ಟಿ ಇಳಿಸುತ್ತಿದ್ದ ದೇಶವಿದು. ಮದ್ಯವಿರೋಧಿ ಚಳವಳಿ ಬಿಸಿಯೇರಿ, 1855ರ ಕಾನೂನಿನೊಂದಿಗೆ ಮನೆಬಳಕೆಯ ಭಟ್ಟಿ ನಿಂತಿತು. ಇದಕ್ಕೆ ಪರಿಹಾರ ಹತ್ತಿರದಲ್ಲೇ ಇದೆ: ಸ್ಪ್ರಿಟ್‌ಮ್ಯೂಸಿಯಂ ಇದೇ ದ್ವೀಪದಲ್ಲಿದೆ, ನಡೆದೇ ಹೋಗಬಹುದು. ಹಾಸೇಲಿಯಸ್‌ನ ಸಂಗ್ರಹದಿಂದಲೇ ಬೆಳೆದ ನಾರ್ಡಿಕ್ ಮ್ಯೂಸಿಯಂ ಟ್ರಾಮ್ ದಾರಿಯಲ್ಲೇ ಸಿಗುತ್ತದೆ. ನಗರದ ಮಧ್ಯಮವರ್ಗದ ಉಡುಪು, ಊಟದ ಮೇಜಿಗೆ ಅಲ್ಲಿಗೇ ಹೋಗಬೇಕು. ರೈಲಿಗೆ ಯೆವ್ಲೆಯ ರೈಲ್ವೆ ಸಂಗ್ರಹಾಲಯ (ನವೀಕರಣಕ್ಕೆಂದು 2017ರಲ್ಲಿ ಮುಚ್ಚಿತ್ತು, ತೆರೆದಿದೆಯೇ ಎಂದು ನೋಡಿಕೊಂಡು ಹೊರಡಿ), ಬೆಂಕಿಕಡ್ಡಿ ಉದ್ಯಮಕ್ಕೆ ಯೋನ್‌ಶೋಪಿಂಗ್, ಅಮೆರಿಕಕ್ಕೆ ಹೊರಟವರಿಗೆ ವೆಕ್‌ಶೋ; ಇವು ಬೇರೆ ಊರುಗಳು, ಬೇರೆ ದಿನ ಬೇಕು. ಒಂದೇ ದಿನ ಇದ್ದರೆ ಬೆಳಿಗ್ಗೆ ನಗರದ ಬೀದಿ, ಆಮೇಲೆ ಡೆಲ್ಸ್‌ಬೂ, ಅಲ್ಲಿಂದ ಸ್ಟಾಟಾರೆ ಸಾಲುಮನೆ, ಶಾಲೆ. ಮಧ್ಯಾಹ್ನದ ಮೇಲೆ ನಾರ್ಡಿಕ್ ಮ್ಯೂಸಿಯಂ. ಮಕ್ಕಳು ಜೊತೆಗಿದ್ದರೆ ಈ ಕ್ರಮ ನಡೆಯುವುದಿಲ್ಲ, ಕರಡಿಗಳೇ ಗೆಲ್ಲುತ್ತವೆ.